ಹಾರ್ಮೋನಿಯಂ ಯಾವ ದೇಶದ ವಾದ್ಯ?

ಪ್ರಶ್ನೆ: ನಮ್ಮೂರು ಗುಬ್ಬಿ ತಾಲ್ಲೂಕಿನಲ್ಲಿದೆ. ಕಳೆದ ರಾಜ್ಯೋತ್ಸವದಂದು ಇಲ್ಲಿನ ಶಾಲೆಯ ರಸಪ್ರಶ್ನೆ ಸ್ಪರ್ಧೆಯಲ್ಲಿ ‘ಹಾರ್ಮೋನಿಯಂ ಯಾವ ದೇಶದ ವಾದ್ಯ?’ ಎಂದು ಕೇಳಿದರು. ನನ್ನ ಮೊಮ್ಮಗಳ ತಂಡ ‘ಭಾರತ’ ಎಂದು ಉತ್ತರಿಸಿತು. ತೀರ್ಪುಗಾರರು ‘ಫ್ರಾನ್ಸ್’ ಎಂಬುದೇ ಸರಿಯುತ್ತರವೆಂದು ಹೇಳಿ ಅಂಕ ಕೊಡಲಿಲ್ಲ. ಮೂರು ತಲೆಮಾರಿನಿಂದ ನಮ್ಮ ಪೌರಾಣಿಕ ನಾಟಕಗಳಿಗೆ ನುಡಿಯುತ್ತಿರುವ ಪೆಟ್ಟಿಗೆ ಪರದೇಶದ್ದೆಂದರೆ ಊರಿನಲ್ಲಿ ಯಾರೂ ಒಪ್ಪುತ್ತಿಲ್ಲ. ಯಾವುದು ಸರಿ? ಹಿಂದೆ ರೇಡಿಯೋದಲ್ಲಿ ಹಾರ್ಮೋನಿಯಂ ನುಡಿಸುವಂತಿರಲಿಲ್ಲವೆಂಬ ಮಾತು ನಿಜವೇ? ದೇವಸ್ಥಾನದ ಅಟ್ಟದ ಮೇಲೆ ಹಳೆಯ ಪೆಟ್ಟಿಗೆಯೊಂದಿದೆ, ಅದು ಎಲ್ಲಿ ತಯಾರಾದದ್ದೆಂದು ತಿಳಿಯುವುದು ಹೇಗೆ?

ಉತ್ತರ: ತೀರ್ಪುಗಾರರ ಬಳಿಯಿದ್ದ ಪುಸ್ತಕದಲ್ಲಿ ‘ಫ್ರಾನ್ಸ್’ ಎಂದೇ ಇದ್ದಿರಬೇಕು, ಆ ಮಟ್ಟಿಗೆ ಅವರದು ತಪ್ಪಲ್ಲ. ಆದರೆ ನಿಮ್ಮ ಮೊಮ್ಮಗಳು ಹೇಳಿದ್ದೂ ತಪ್ಪಲ್ಲ. ದೋಷವಿರುವುದು ಪ್ರಶ್ನೆಯಲ್ಲಿ. ‘ಹಾರ್ಮೋನಿಯಂ’ ಎಂಬ ಹೆಸರೂ ಆ ಹೆಸರಿನ ಪೇಟೆಂಟೂ ಪ್ಯಾರಿಸ್ ನಗರದವು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ಎಡಗೈಯಲ್ಲಿ ತಿದಿಯೊತ್ತುತ್ತ ಬಲಗೈಯಲ್ಲಿ ನುಡಿಸುವ ಪೆಟ್ಟಿಗೆ, ಅಂದರೆ ನಿಮ್ಮೂರಿನವರು ‘ಹಾರ್ಮೋನಿಯಂ’ ಎಂದಾಗ ಅವರ ಕಣ್ಣ ಮುಂದೆ ಬರುವ ವಸ್ತು, ರೂಪುಗೊಂಡದ್ದು ಕಲ್ಕತ್ತೆಯಲ್ಲಿ. ಈ ಎರಡರ ಹೊಟ್ಟೆಯಲ್ಲೂ ದನಿ ಹುಟ್ಟಿಸುವ ರೀಡಿನ ತತ್ತ್ವವಾದರೋ ಪೂರ್ವ ಏಷ್ಯಾದ್ದು. ಮೂರು ಕಡೆಯ ಕೆಲಸ ಸೇರಿ ಆದ ವಾದ್ಯಕ್ಕೆ ಒಂದೇ ದೇಶದ ಹೆಸರು ಹೇಳೆಂದರೆ ಮಕ್ಕಳು ತಾವು ಕಂಡ ಪೆಟ್ಟಿಗೆಯನ್ನು ನೆನೆದು ಉತ್ತರಿಸುವುದು ಸಹಜವೇ ಆಗಿದೆ.

ಮೊದಲು ರೀಡಿನ ವಿಷಯ. ಪೆಟ್ಟಿಗೆಯನ್ನು ಬಿಚ್ಚಿದವರು ಇದನ್ನು ಕಂಡಿರುತ್ತಾರೆ. ಹಿತ್ತಾಳೆಯ ಚಿಕ್ಕ ಪಟ್ಟಿಯಲ್ಲಿ ಉದ್ದನೆಯ ಸೀಳೊಂದಿರುತ್ತದೆ, ಅದರ ಮೇಲೆ ತೆಳುವಾದ ಹಿತ್ತಾಳೆಯ ನಾಲಗೆಯನ್ನು ಒಂದು ತುದಿಯಲ್ಲಿ ಮಾತ್ರ ಬಿಗಿದಿರುತ್ತಾರೆ. ತಿದಿಯಿಂದ ಬಂದ ಗಾಳಿ ಆ ಸೀಳಿನೊಳಗೆ ನುಗ್ಗುವಾಗ ನಾಲಗೆ ಸೀಳಿಗೆ ಎಲ್ಲಿಯೂ ತಾಕದೆ ಒಳಗೂ ಹೊರಗೂ ತೂಗಾಡುತ್ತದೆ, ಆ ತೂಗಾಟವೇ ಸ್ವರ. ನಾಲಗೆ ಉದ್ದವಿದ್ದರೆ ಸ್ವರ ತಗ್ಗು, ಗಿಡ್ಡವಿದ್ದರೆ ಏರು. ಸ್ವರ ಇಳಿದಿದ್ದರೆ ನಾಲಗೆಯ ತುದಿಯನ್ನು ಕೂದಲೆಳೆಯಷ್ಟು ಕೆರೆದು ಏರಿಸುತ್ತೇವೆ, ಏರಿದ್ದರೆ ಬುಡದ ಹತ್ತಿರ ಕೆರೆದು ಇಳಿಸುತ್ತೇವೆ. ಹಿಂದಿನ ಮಾಗಿಯಲ್ಲಿ ತುರುವೇಕೆರೆ ಕಡೆಯ ನಾಟಕದ ತಂಡವೊಂದು ತುಮಕೂರಿಗೆ ನನ್ನ ಬಳಿ ತಂದ ಪೆಟ್ಟಿಗೆಯಲ್ಲಿ ಮಧ್ಯ ಸಪ್ತಕದ ಗಾಂಧಾರ, ಅಂದರೆ ‘ಗ’ ಸ್ವರ, ಪೂರ್ತಿ ಮೂಕವಾಗಿತ್ತು. ರೀಡು ಮುರಿದಿದೆಯೆಂದು ಹೊಸದನ್ನು ಹಾಕಿಸಲು ಅವರು ದುಡ್ಡನ್ನೂ ಕೂಡಿಸಿಕೊಂಡು ಬಂದಿದ್ದರು. ಮೇಲಿನ ಹಲಗೆಯನ್ನೆತ್ತಿ ಬೆಳಕಿಗೆ ಹಿಡಿದು ನೋಡಿದರೆ ನಾಲಗೆಗೂ ಸೀಳಿಗೂ ನಡುವೆ ರಾಗಿಯ ಹೊಟ್ಟಿನ ಒಂದೇ ಒಂದು ಚೂರು ಸಿಕ್ಕಿಕೊಂಡಿತ್ತು. ಕಣದ ಪಕ್ಕದಲ್ಲಿ ಅಭ್ಯಾಸ ನಡೆಸಿದಾಗ ಗಾಳಿಯೊಡನೆ ತಿದಿಯೊಳಗೆ ಹೋದದ್ದು ಅದು. ತೆಳುವಾದ ಕಾಗದದ ಅಂಚಿನಿಂದ ಅದನ್ನು ಜಾರಿಸಿದ ಕ್ಷಣವೇ ಗಾಂಧಾರ ನುಡಿಯಿತು. ಆ ಸೀಳಿನ ಬಿಡುವು ಅಷ್ಟು ಕಿರಿದು, ಆ ಬಿಡುವಿನಲ್ಲಿಯೇ ಇಡೀ ವಾದ್ಯದ ಜೀವವಿದೆ.

ಹೀಗೆ ಸೀಳಿನೊಳಗೆ ತಡೆಯಿಲ್ಲದೆ ಆಡುವ ನಾಲಗೆಯನ್ನು ಚೀನಾದವರು ‘ಶೆಂಗ್’ ಎಂಬ ವಾದ್ಯದಲ್ಲಿ ಬಹು ಹಿಂದಿನಿಂದ ಬಳಸುತ್ತಿದ್ದಾರೆ. ಬಟ್ಟಲಿನಂಥ ಬುಡದಲ್ಲಿ ಬಿದಿರಿನ ಕೊಳವೆಗಳನ್ನು ಗೊಂಚಲಾಗಿ ನಿಲ್ಲಿಸಿ ಬಾಯಿಂದ ಊದಿ ನುಡಿಸುವ ವಾದ್ಯವದು. ಕ್ರಿ.ಪೂ. 5ನೆಯ ಶತಮಾನಕ್ಕೆ ಸೇರಿದ, ಝೆಂಗ್ ಎಂಬ ಸಣ್ಣ ರಾಜ್ಯದ ದೊರೆ ಯಿಯ ಸಮಾಧಿಯಲ್ಲಿ ಅದರ ಅವಶೇಷಗಳು ದೊರೆತಿವೆ. ಯುರೋಪಿನಲ್ಲಿ ಈ ತತ್ತ್ವ ಮನಸ್ಸುಗಳನ್ನು ಸೆಳೆದದ್ದು 18ನೆಯ ಶತಮಾನದಲ್ಲಿ. 1780ರ ಸುಮಾರಿಗೆ ಕೋಪನ್‌ಹೇಗನ್ನಿನ ವಿದ್ವಾಂಸ ಕ್ರಾಟ್ಸೆನ್‌ಸ್ಟೈನ್ ಮನುಷ್ಯನ ಸ್ವರಾಕ್ಷರಗಳನ್ನು ಯಂತ್ರದಿಂದ ಹೊರಡಿಸುವ ಪ್ರಯೋಗದಲ್ಲಿ ಇಂಥ ರೀಡನ್ನು ಬಳಸಿದರು. 1810ರ ವೇಳೆಗೆ ಪ್ಯಾರಿಸ್ಸಿನಲ್ಲಿ ಗ್ರೆನಿಯೆ ಎಂಬವರು ಗಾಳಿಯ ಒತ್ತಡವನ್ನು ಹೆಚ್ಚು ಕಡಿಮೆ ಮಾಡಿ ದನಿಯನ್ನು ಏರಿಸಿ ಇಳಿಸಬಲ್ಲ ಆರ್ಗನ್ನೊಂದನ್ನು ಕಟ್ಟಿದರು. 1829ರಲ್ಲಿ ವಿಯೆನ್ನಾದಲ್ಲಿ ಅಕಾರ್ಡಿಯನ್ನಿಗೆ ಪೇಟೆಂಟ್ ದೊರೆಯಿತು. ಕೊನೆಗೆ 1840ರಲ್ಲಿ ಪ್ಯಾರಿಸ್ಸಿನ ಅಲೆಕ್ಸಾಂಡರ್ ದೆಬೆಯ್ನ್ ತಮ್ಮ ವಾದ್ಯಕ್ಕೆ ‘ಹಾರ್ಮೋನಿಯಂ’ ಎಂಬ ಹೆಸರಿಟ್ಟು ಪೇಟೆಂಟ್ ಪಡೆದರು. ರಸಪ್ರಶ್ನೆಯ ಪುಸ್ತಕಗಳು ‘ಫ್ರಾನ್ಸ್’ ಎನ್ನುವುದು ಈ ಘಟನೆಯನ್ನು ಆಧರಿಸಿ.

ದೆಬೆಯ್ನ್ ಅವರ ವಾದ್ಯವನ್ನು ನಿಮ್ಮೂರಿನ ರಂಗದ ಮುಂದೆ ತಂದಿಟ್ಟರೆ ಯಾರೂ ಅದನ್ನು ಪೆಟ್ಟಿಗೆಯೆಂದು ಕರೆಯಲಾರರು. ಅದು ಮೇಜಿನಷ್ಟು ಎತ್ತರದ ಮರದ ಬೀರು. ನುಡಿಸುವವರು ಕುರ್ಚಿಯಲ್ಲಿ ಕುಳಿತು ಎರಡು ಪಾದಗಳಿಂದಲೂ ತಿದಿಯನ್ನು ತುಳಿಯಬೇಕು, ಎರಡು ಕೈಗಳಿಂದಲೂ ನುಡಿಸಬೇಕು. ಚರ್ಚುಗಳಲ್ಲಿ, ಉಳ್ಳವರ ಮನೆಗಳಲ್ಲಿ ದೊಡ್ಡ ಆರ್ಗನ್ನಿಗೆ ಬದಲಾಗಿ ಅದು ಬಳಕೆಯಾಯಿತು. ಭಾರತಕ್ಕೆ ಬಂದ ಮಿಷನರಿಗಳೂ ಅಧಿಕಾರಿಗಳೂ ಅದನ್ನು ಇಷ್ಟಪಟ್ಟಿದ್ದಕ್ಕೆ ಸಕಾರಣವಿದೆ. ನಮ್ಮ ಸೆಕೆಗೂ ಮಳೆಗಾಲದ ತೇವಕ್ಕೂ ಪಿಯಾನೋದ ತಂತಿಗಳು ಬೇಗ ಶ್ರುತಿ ತಪ್ಪುತ್ತಿದ್ದವು, ಹಿತ್ತಾಳೆಯ ರೀಡು ಅಷ್ಟು ಸುಲಭವಾಗಿ ಶ್ರುತಿ ತಪ್ಪುವುದಿಲ್ಲ.

ಮುಂದಿನದು ಕಲ್ಕತ್ತೆಯ ಕೆಲಸ. ನನ್ನ ಮಟ್ಟಿಗೆ ಈ ಪ್ರಶ್ನೆಯ ತಿರುಳು ಇಲ್ಲಿದೆ. ಆ ನಗರದಲ್ಲಿ 1875ರಲ್ಲಿ ವಾದ್ಯಗಳ ಅಂಗಡಿ ತೆರೆದ ದ್ವಾರಕಾನಾಥ ಘೋಷ್ ಅವರು ಹಾರ್ಮೋನಿಯಂನ ಕಾಲುಗಳನ್ನೂ ತುಳಿಯುವ ಹಲಗೆಗಳನ್ನೂ ತೆಗೆದು ತಿದಿಯನ್ನು ಹಿಂಬದಿಗೆ ತಂದು ಕೈಯಿಂದ ಒತ್ತುವಂತೆ ಮಾಡಿದರು. ಒಳಗೆ ಸ್ಪ್ರಿಂಗಿನ ಒತ್ತಡದಲ್ಲಿರುವ ಇನ್ನೊಂದು ತಿದಿ ಗಾಳಿಯನ್ನು ಹಿಡಿದಿಟ್ಟುಕೊಂಡು ಸಮವಾಗಿ ಬಿಡುವುದರಿಂದ ಎಡಗೈ ಒಂದು ಗಳಿಗೆ ನಿಂತರೂ ಸ್ವರ ಕಡಿಯುವುದಿಲ್ಲ. ಮಂದ್ರ ಷಡ್ಜ ಪಂಚಮಗಳನ್ನು, ಅಂದರೆ ತಗ್ಗು ಸ್ಥಾಯಿಯ ‘ಸ’ ‘ಪ’ ಸ್ವರಗಳನ್ನು, ಎಡೆಬಿಡದೆ ಹಿಡಿದು ನಿಲ್ಲಿಸುವ ಗುಬುಟುಗಳನ್ನೂ ನಮ್ಮ ಪೆಟ್ಟಿಗೆಗಳ ಮುಂಭಾಗದಲ್ಲಿ ಕೂಡಿಸಿದರು. ಪಾಶ್ಚಾತ್ಯ ಸಂಗೀತಗಾರರು ಇದನ್ನು ನೋಡಿದರೆ ವಾದ್ಯದ ಅರ್ಧವನ್ನೇ ಕತ್ತರಿಸಿ ಹಾಕಿದಂತೆ ಕಂಡೀತು, ಏಕೆಂದರೆ ಹಲವು ಸ್ವರಗಳನ್ನು ಏಕಕಾಲಕ್ಕೆ ಕೂಡಿಸಿ ನುಡಿಸುವ ಅವರ ಪದ್ಧತಿಗೆ ಎರಡು ಕೈಗಳೂ ಬೇಕು. ನಮ್ಮ ಸಂಗೀತವಾದರೋ ಒಂದರ ಹಿಂದೆ ಒಂದು ಸ್ವರ ನಡೆಯುವ ಒಂದೇ ಎಳೆಯ ಸಂಗೀತ. ಅದಕ್ಕೆ ಬಲಗೈ ಸಾಕು, ಅಡಿಯಲ್ಲಿ ಶ್ರುತಿ ನಿಂತಿರಬೇಕು. ಹೀಗೆ ವಾದ್ಯದ ಆಕಾರ, ಕೂರುವ ಭಂಗಿ, ಕೈಗಳ ಕೆಲಸದ ಹಂಚಿಕೆ ಎಲ್ಲವನ್ನೂ ನಮ್ಮ ಸಂಗೀತವೇ ನಿರ್ಧರಿಸಿತು. ಪಶ್ಚಿಮದಲ್ಲಿ ಕಾಲಿನಿಂದ ತುಳಿಯುವ ಹಾರ್ಮೋನಿಯಂ 20ನೆಯ ಶತಮಾನದಲ್ಲಿ ಮೂಲೆ ಸೇರಿತು, ಇಲ್ಲಿ ಕೈಪೆಟ್ಟಿಗೆ ಊರೂರಿನ ಭಜನಾಮಂದಿರಕ್ಕೂ ಹೋಯಿತು. ಇಂದಿಗೂ ಗುಜರಾತಿನ ಪಾಲಿಟಾಣಾ ಪಟ್ಟಣದಲ್ಲಿ ರೀಡುಗಳನ್ನು ತಯಾರಿಸುವುದೇ ಒಂದು ಕಸುಬಾಗಿದೆ.

ನಿಮ್ಮ ತಾಲ್ಲೂಕಿನವರಿಗೆ ಹಾರ್ಮೋನಿಯಂನ ಮೇಲೆ ಇಷ್ಟು ಅಭಿಮಾನವಿರುವುದಕ್ಕೆ ಆಧಾರವಿದೆ. ಗುಬ್ಬಿಯ ಶ್ರೀ ಚನ್ನಬಸವೇಶ್ವರ ನಾಟಕ ಸಂಘ ಆರಂಭವಾದದ್ದು 1884ರಲ್ಲಿ. ಬಾಲನಟರಾಗಿ ಸೇರಿ ಮುಂದೆ ಅದರ ಒಡೆಯರಾದ ಗುಬ್ಬಿ ವೀರಣ್ಣನವರು ಅದನ್ನು ನಾಡಿನ ಅತಿ ದೊಡ್ಡ ಕಂಪನಿಗಳಲ್ಲಿ ಒಂದನ್ನಾಗಿ ಬೆಳೆಸಿದರು. ಅವರ ಹೆಸರಿನ ಕಲಾಕ್ಷೇತ್ರ ತುಮಕೂರಿನಲ್ಲಿದೆ. ಪಾರ್ಸಿ, ಮರಾಠಿ ಕಂಪನಿಗಳು ಈ ಭಾಗದಲ್ಲಿ ಸಂಚರಿಸಿದ ಕಾಲದಿಂದ ನಾಟಕವೆಂದರೆ ಹಾಡು, ಹಾಡೆಂದರೆ ಹಾರ್ಮೋನಿಯಂ ಎಂಬಂತಾಗಿತ್ತು. ಕಂಪನಿಗಳಲ್ಲಿ ಬಹುಮಟ್ಟಿಗೆ ಬಳಸುತ್ತಿದ್ದುದು ಲೆಗ್ ಹಾರ್ಮೋನಿಯಂ. ಕಾಲಿನಿಂದ ತಿದಿ ತುಳಿಯುವ ಈ ವಾದ್ಯ ದೆಬೆಯ್ನ್ ಅವರ ವಾದ್ಯಕ್ಕೆ ಹತ್ತಿರದ ನಂಟು. ಮೈಕು ಇಲ್ಲದ ಕಾಲದಲ್ಲಿ ಸಾವಿರ ಜನರ ಹಿಂದಿನ ಸಾಲಿಗೂ ಕೇಳಿಸುವ ದನಿ ಅದಕ್ಕಿತ್ತು, ಮೇಷ್ಟ್ರ ಎರಡು ಕೈಗಳೂ ಬಿಡುವಾಗಿರುತ್ತಿದ್ದವು. ರಂಗಸಂಗೀತದಲ್ಲಿ ದೊಡ್ಡ ಹೆಸರಾದ ಆರ್. ಪರಮಶಿವನ್ ಅವರ ನುಡಿಸಾಣಿಕೆಯನ್ನು ಕೇಳಿದವರಿಗೆ ಈ ವಾದ್ಯ ನಟನ ಉಸಿರಿನೊಡನೆ ಹೇಗೆ ನಡೆಯುತ್ತದೆಂದು ವಿವರಿಸಬೇಕಾಗಿಲ್ಲ. ದುರ್ಯೋಧನನ ಪಾತ್ರಧಾರಿ ಕಂದಪದ್ಯವನ್ನು ಎತ್ತಿಕೊಂಡು ತಾರಸ್ಥಾಯಿಯಲ್ಲಿ ಸ್ವರ ಜಾರಿದಾಗ ಮೇಷ್ಟ್ರು ಆ ಸ್ವರದ ಮನೆಯ, ಅಂದರೆ ಬೆರಳಿನಿಂದ ಒತ್ತುವ ಪಟ್ಟಿಯ, ಮೇಲೆ ಬೆರಳಿಟ್ಟು ಹಿಡಿಯುತ್ತಾರೆ, ನಟ ಆ ದನಿಯನ್ನು ಹತ್ತಿ ಮತ್ತೆ ಶ್ರುತಿಗೆ ಬಂದು ಸೇರುತ್ತಾನೆ. ನಿಮ್ಮೂರಿನ ‘ಕುರುಕ್ಷೇತ್ರ’ದಲ್ಲಿ ಇದನ್ನು ನೀವೇ ಎಷ್ಟೋ ರಾತ್ರಿ ಕಂಡಿರುತ್ತೀರಿ. ಹೊಲದಲ್ಲಿ ದುಡಿದು ಬಂದು ಮೂರು ತಿಂಗಳು ಪಾಠ ಕಲಿತು ಬೆಳಗಾಗುವವರೆಗೆ ಹಾಡುವ ನಟರಿಗೆ ಆಧಾರವಾಗಿ ನಿಂತ ವಾದ್ಯವನ್ನು ಪರಕೀಯವೆನ್ನಲು ನನಗೂ ಮನಸ್ಸು ಬರುವುದಿಲ್ಲ.

ಈ ವಾದ್ಯ ನಮ್ಮ ಸಂಗೀತದೊಳಗೆ ಎಷ್ಟು ಆಳಕ್ಕೆ ಇಳಿದಿದೆಯೆಂಬುದಕ್ಕೆ ಇನ್ನೊಂದು ಸಾಕ್ಷಿಯಿದೆ. ಕಚೇರಿಯಲ್ಲಿ ಹಾರ್ಮೋನಿಯಂ ಸೇರಿಸಿಕೊಳ್ಳಲು ಒಪ್ಪದ ಕರ್ನಾಟಕ ಸಂಗೀತದ ಗಾಯಕರೂ ತಮ್ಮ ಶ್ರುತಿಯನ್ನು ಹೇಳುವಾಗ ‘ಒಂದೂವರೆ ಮನೆ’, ‘ಐದೂವರೆ ಮನೆ’ ಎನ್ನುತ್ತಾರೆ. ಆ ಮನೆಗಳು ಹಾರ್ಮೋನಿಯಂನವು. ಸಪ್ತಕದ ಏಳು ಬಿಳಿ ಮನೆಗಳಿಗೆ ಒಂದರಿಂದ ಏಳರವರೆಗೆ ಎಣಿಕೆ, ನಡುವಿನ ಐದು ಕಪ್ಪು ಮನೆಗಳಿಗೆ ‘ವರೆ’. ಮೊದಲ ಬಿಳಿ ಮನೆಯ ಪಕ್ಕದ ಕಪ್ಪು ಮನೆ ಒಂದೂವರೆ, ಐದನೆಯದರ ಪಕ್ಕದ್ದು ಐದೂವರೆ. ಮೂರನೆಯ ಮತ್ತು ನಾಲ್ಕನೆಯ ಬಿಳಿ ಮನೆಗಳ ನಡುವೆ ಕಪ್ಪು ಮನೆ ಇಲ್ಲ, ಏಳನೆಯದರ ಮುಂದೆಯೂ ಇಲ್ಲ. ಆದುದರಿಂದಲೇ ಯಾವ ಗಾಯಕರೂ ‘ಮೂರೂವರೆ ಮನೆ’ ಶ್ರುತಿಯಲ್ಲಾಗಲಿ ‘ಏಳೂವರೆ ಮನೆ’ ಶ್ರುತಿಯಲ್ಲಾಗಲಿ ಹಾಡುತ್ತೇನೆಂದು ಹೇಳುವುದಿಲ್ಲ. ರಸಪ್ರಶ್ನೆಗೆ ಇದು ಒಳ್ಳೆಯ ಪ್ರಶ್ನೆಯಾಗುತ್ತದೆ: ಮೂರೂವರೆ ಮನೆಯ ಶ್ರುತಿ ಏಕಿಲ್ಲ? ಉತ್ತರ ಕಂಡುಕೊಳ್ಳಲು ಮಕ್ಕಳು ಪೆಟ್ಟಿಗೆಯ ಮುಂದೆ ಹೋಗಿ ಕೂರಬೇಕಾಗುತ್ತದೆ.

ಇನ್ನು ರೇಡಿಯೋದ ಮಾತು. ಅದು ನಿಜ. ಆಲ್ ಇಂಡಿಯಾ ರೇಡಿಯೋ 1940ರ ಮಾರ್ಚ್ 1ರಿಂದ ತನ್ನ ಕೇಂದ್ರಗಳಲ್ಲಿ ಹಾರ್ಮೋನಿಯಂ ವಾದನವನ್ನು ನಿಷೇಧಿಸಿತು. ರವೀಂದ್ರನಾಥ ಠಾಕೂರರು ಆ ನಿಲುವನ್ನು ಬೆಂಬಲಿಸಿದ್ದರು. ಅದಕ್ಕೂ ಮೊದಲು ದೆಹಲಿ ಕೇಂದ್ರದಲ್ಲಿ ಪಾಶ್ಚಾತ್ಯ ಸಂಗೀತದ ಹೊಣೆ ಹೊತ್ತಿದ್ದ ಇಂಗ್ಲಿಷ್ ರಚನಕಾರ ಜಾನ್ ಫೌಲ್ಡ್ಸ್ ಈ ವಾದ್ಯ ಭಾರತೀಯ ಸಂಗೀತಕ್ಕೆ ಕೆಡುಕೆಂದು ವಾದಿಸಿದ್ದರು. ನಿಷೇಧ ಸಡಿಲಗೊಂಡದ್ದು 1971ರಲ್ಲಿ. ಆಗ ಪಕ್ಕವಾದ್ಯವಾಗಿ ಮರಳಿತು, ತನಿವಾದನಕ್ಕೆ ಇನ್ನೂ ಕೆಲವು ವರ್ಷ ಕಾಯಬೇಕಾಯಿತು.

ನಿಷೇಧದ ಹಿಂದೆ ಎರಡು ಆಕ್ಷೇಪಗಳಿದ್ದವು. ಅವೆರಡನ್ನೂ ಬೇರೆ ಬೇರೆಯಾಗಿ ನೋಡಬೇಕು. ಮೊದಲನೆಯದು ಸ್ವರಸ್ಥಾನದ್ದು. ಹಾರ್ಮೋನಿಯಂ ಸಪ್ತಕವನ್ನು ಹನ್ನೆರಡು ಸಮಭಾಗಗಳಾಗಿ ಒಡೆಯುತ್ತದೆ, ನಮ್ಮ ಕಿವಿ ಒಪ್ಪುವ ಸ್ವರಗಳು ಸಮಭಾಗಗಳಲ್ಲಿ ಕೂತಿಲ್ಲ. ಷಡ್ಜ ಸೆಕೆಂಡಿಗೆ 240 ಕಂಪನವೆಂದಿಟ್ಟುಕೊಳ್ಳಿ. ಶುದ್ಧವಾದ ಪಂಚಮ ಅದರ ಒಂದೂವರೆ ಪಟ್ಟು, ಅಂದರೆ 360 ಕಂಪನ. ಹಾರ್ಮೋನಿಯಂ ಕೊಡುವ ಪಂಚಮ ಸುಮಾರು 359.6 ಕಂಪನ, ವ್ಯತ್ಯಾಸ ಬಹುತೇಕ ಕೇಳಿಸದು. ‘ಅಂತರ ಗಾಂಧಾರ’ವೆಂಬ ಮೇಲಿನ ‘ಗ’ ಸ್ವರದಲ್ಲಿ ಮಾತ್ರ ಕಥೆ ಬೇರೆ. ಷಡ್ಜದ ಒಂದೂಕಾಲು ಪಟ್ಟು ಎಂದರೆ 300 ಕಂಪನ, ಹಾರ್ಮೋನಿಯಂನ ಗಾಂಧಾರ ಸುಮಾರು 302.4. ಚೆನ್ನಾಗಿ ಶ್ರುತಿ ಮಾಡಿದ ತಂಬೂರಿಯ ಮಂದ್ರ ಷಡ್ಜದ ತಂತಿಯಿಂದ ಒಂದೂಕಾಲು ಪಟ್ಟಿನ ಈ ಗಾಂಧಾರ ತಾನಾಗಿಯೇ ಹೊಮ್ಮುತ್ತದೆ. ಅದರ ಜೊತೆಗೆ ಹಾರ್ಮೋನಿಯಂನ ಗಾಂಧಾರವನ್ನು ಹಿಡಿದು ನಿಲ್ಲಿಸಿದರೆ ಎರಡು ದನಿಗಳೂ ಒಂದಾಗದೆ ಸೆಕೆಂಡಿಗೆ ಎರಡಕ್ಕೂ ಹೆಚ್ಚು ಬಾರಿ ಮಿಡಿಯುತ್ತವೆ. ಒಮ್ಮೆ ಇದನ್ನು ಗಮನವಿಟ್ಟು ಕೇಳಿದ ಕಿವಿ ಮತ್ತೆ ಮರೆಯುವುದಿಲ್ಲ. ಈ ಆಕ್ಷೇಪ ನ್ಯಾಯವಾದದ್ದು. ಆದರೆ ರೀಡುಗಳನ್ನು ಕೆರೆದು ಗಾಯಕರ ಶ್ರುತಿಗೆ ತಕ್ಕಂತೆ ಶುದ್ಧ ಸ್ವರಗಳಿಗೆ ಕೂರಿಸಬಹುದು. ಆಗ ಆ ಪೆಟ್ಟಿಗೆ ಆ ಒಂದು ಶ್ರುತಿಗಷ್ಟೇ ಹಿಡಿಸುತ್ತದೆಂಬ ಮಿತಿಯನ್ನು ಒಪ್ಪಿಕೊಳ್ಳಬೇಕು.

ಎರಡನೆಯ ಆಕ್ಷೇಪ ಗಮಕದ್ದು, ಅಂದರೆ ಸ್ವರವನ್ನು ತೂಗಿಸುವ, ಜಾರಿಸುವ ಬಗೆಯದು, ಅದಕ್ಕೆ ಪರಿಹಾರವಿಲ್ಲ. ತೋಡಿ ರಾಗದ ಗಾಂಧಾರ ಒಂದು ಕಡೆ ನಿಲ್ಲುವ ಸ್ವರವಲ್ಲ, ಅದು ತೂಗುವ ಸ್ವರ. ಹಾರ್ಮೋನಿಯಂನ ಮನೆಯನ್ನು ಒತ್ತಿದರೆ ಸ್ವರ ಬರುತ್ತದೆ, ಬಿಟ್ಟರೆ ಹೋಗುತ್ತದೆ, ಒಂದು ಮನೆಯಿಂದ ಇನ್ನೊಂದಕ್ಕೆ ಜಾರುವ ದಾರಿಯಿಲ್ಲ. ಪಿಟೀಲೂ ಹೊರಗಿನಿಂದ ಬಂದದ್ದೇ. ಬಾಲುಸ್ವಾಮಿ ದೀಕ್ಷಿತರ ಕಾಲದಲ್ಲಿ, 19ನೆಯ ಶತಮಾನದ ಆರಂಭದ ಹೊತ್ತಿಗೆ, ಅದು ನಮ್ಮ ಸಂಗೀತಕ್ಕೆ ಒಗ್ಗಿತು. ತಂತಿಯ ಮೇಲೆ ಬೆರಳು ಜಾರಬಲ್ಲದೆಂಬ ಒಂದೇ ಗುಣದಿಂದ ಅದು ಕರ್ನಾಟಕ ಸಂಗೀತದ ಕಚೇರಿಯಲ್ಲಿ ಗಾಯಕರ ಪಕ್ಕದಲ್ಲಿಯೇ ಕುಳಿತಿತು. ಆ ಗುಣವಿಲ್ಲದ ಹಾರ್ಮೋನಿಯಂ ಕಚೇರಿಯ ಹೊರಗೆ ಉಳಿಯಿತು. ಆದರೆ ನಾಟಕದ ರಂಗ, ಹರಿಕಥೆ, ಭಜನೆ, ಕೈವಾರದ ತಾತಯ್ಯನವರ ತತ್ತ್ವಪದಗಳನ್ನು ಹಾಡುವ ಗುಂಪುಗಳು ಅದನ್ನು ಬರಮಾಡಿಕೊಂಡವು. ಅಲ್ಲಿ ಬೇಕಾದದ್ದು ಹಲವು ಕಂಠಗಳನ್ನು ಒಂದು ಶ್ರುತಿಯಲ್ಲಿ ಕಟ್ಟಿ ನಿಲ್ಲಿಸುವ ಗಟ್ಟಿ ದನಿ. ಆ ಕೆಲಸದಲ್ಲಿ ಈ ಪೆಟ್ಟಿಗೆಗೆ ಸರಿಸಾಟಿ ಇಲ್ಲ. ಶಾಸ್ತ್ರೀಯ ಗಾಯನಕ್ಕೆ ಒಗ್ಗದು ಎಂಬ ಒಂದು ಕಾರಣಕ್ಕೆ ಎಲ್ಲ ಬಗೆಯ ಹಾಡಿನಿಂದಲೂ ಅದನ್ನು ಮೂರು ದಶಕ ದೂರವಿಟ್ಟದ್ದು ಅನ್ಯಾಯವೆಂದೇ ನಾನು ತಿಳಿದಿದ್ದೇನೆ.

ಸ್ಪರ್ಧೆಯ ಅಂಕದ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ, ಆ ಪ್ರಶ್ನೆಯನ್ನು ರದ್ದುಪಡಿಸಿ ಎರಡೂ ತಂಡಗಳಿಗೆ ಬೇರೊಂದು ಪ್ರಶ್ನೆ ಕೊಡುವುದು ಸರಿಯಾದ ಕ್ರಮವಾಗಿತ್ತು. ‘1840ರಲ್ಲಿ ಹಾರ್ಮೋನಿಯಂ ಎಂಬ ಹೆಸರಿನ ವಾದ್ಯಕ್ಕೆ ಪೇಟೆಂಟ್ ದೊರೆತದ್ದು ಯಾವ ನಗರದಲ್ಲಿ?’ ಎಂದೋ, ‘ಕೈಯಿಂದ ತಿದಿಯೊತ್ತುವ ಹಾರ್ಮೋನಿಯಂ ಯಾವ ನಗರದಲ್ಲಿ ರೂಪುಗೊಂಡಿತು?’ ಎಂದೋ ಕೇಳಿದ್ದರೆ ಜಗಳಕ್ಕೆ ಎಡೆಯಿರುತ್ತಿರಲಿಲ್ಲ. ‘ಯಾವ ದೇಶದ್ದು’ ಎಂಬ ಪ್ರಶ್ನೆ ಬಳಕೆಯ ವಸ್ತುಗಳ ವಿಷಯದಲ್ಲಿ ಹೆಚ್ಚಾಗಿ ಹೀಗೆಯೇ ಕೈಕೊಡುತ್ತದೆ. ರಾಗಿಯ ಮೂಲ ಪೂರ್ವ ಆಫ್ರಿಕದ ಎತ್ತರದ ನಾಡೆಂದು ಸಸ್ಯವಿಜ್ಞಾನಿಗಳು ಹೇಳುತ್ತಾರೆ, ಅದು ಸರಿಯೂ ಹೌದು. ಹಾಗೆಂದು ‘ರಾಗಿ ಯಾವ ದೇಶದ ಧಾನ್ಯ?’ ಎಂಬುದಕ್ಕೆ ‘ನಮ್ಮದು’ ಎಂದು ಉತ್ತರಿಸುವ ತುಮಕೂರಿನ ಮಗುವಿಗೆ ಸೊನ್ನೆ ಕೊಡಲು ಯಾವ ಮೇಷ್ಟರಿಗೆ ಕೈ ಬಂದೀತು?

ದೇವಸ್ಥಾನದ ಅಟ್ಟದ ಮೇಲಿನ ಪೆಟ್ಟಿಗೆಯನ್ನು ಕೆಳಗಿಳಿಸಿ ಮೊದಲು ಎರಡು ದಿನ ನೆರಳಿನಲ್ಲಿ ಇಡಿ, ಬಿಸಿಲಿಗೆ ಒಡ್ಡಿದರೆ ಹಲಗೆ ಸೀಳುತ್ತದೆ. ತಿದಿಯ ಮಡಿಕೆಗಳಲ್ಲಿ ಇಲಿ ಕಡಿದ ತೂತುಗಳಿವೆಯೇ ನೋಡಿ. ತಯಾರಿಸಿದವರ ಅಥವಾ ಮಾರಿದ ಅಂಗಡಿಯ ಹೆಸರಿನ ಚೀಟಿ ಇದ್ದರೆ ಮನೆಗಳ ಮೇಲ್ಭಾಗದ ಪಟ್ಟಿಯಲ್ಲೋ ಮುಚ್ಚಳದ ಒಳಬದಿಯಲ್ಲೋ ಇರುತ್ತದೆ, ಆದರೆ ಅಷ್ಟನ್ನೇ ನಂಬಬೇಡಿ. ಪೆಟ್ಟಿಗೆ ಇಲ್ಲಿಯದಾಗಿದ್ದು ರೀಡು ಮಾತ್ರ ಹೊರದೇಶದ್ದಾಗಿರುವುದುಂಟು. ‘ಪ್ಯಾರಿಸ್ ರೀಡು’, ‘ಜರ್ಮನ್ ರೀಡು’ ಎಂಬ ಮಾತುಗಳನ್ನು ಹಳೆಯ ಮೇಷ್ಟ್ರುಗಳು ಈಗಲೂ ಆದರದಿಂದ ಆಡುವುದು ಅದಕ್ಕಾಗಿ. ರೀಡು ಕೂಡಿಸಿದ ಹಲಗೆಯ ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚಿ, ಯಾವುದು ಎಲ್ಲಿಯದೆಂದು ಕಾಗದದ ಮೇಲೆ ಗುರುತು ಹಾಕಿಕೊಂಡು ಹಲಗೆಯನ್ನೆತ್ತಿ. ಹಿತ್ತಾಳೆಯ ಪಟ್ಟಿಗಳ ಮೇಲೆ ಸ್ವರದ ಅಕ್ಷರದ ಜೊತೆಗೆ ತಯಾರಕರ ಮುದ್ರೆ ಏನಾದರೂ ಕೆತ್ತಿದ್ದರೆ ಅದರ ಚಿತ್ರ ತೆಗೆದು ಕಳುಹಿಸಿ, ನೋಡಿ ತಿಳಿಸುತ್ತೇನೆ. ಧೂಳನ್ನು ಒಣಗಿದ ಮೃದುವಾದ ಕುಂಚದಿಂದ ನಾಲಗೆಯ ಬುಡದಿಂದ ತುದಿಯ ಕಡೆಗೆ ಮಾತ್ರ ತೆಗೆಯಿರಿ. ಬೆರಳಿನಿಂದ ನಾಲಗೆಗಳನ್ನು ಮುಟ್ಟಬೇಡಿ, ಎಣ್ಣೆಯನ್ನಂತೂ ಹಾಕಲೇಬೇಡಿ.